‘ಇನ್‌ಕ್ಯುಬೇಟರ್’ ಎಂಬ ಪದ: ಅದರ ಅರ್ಥಗಳು ಮತ್ತು ತರಗತಿಯಲ್ಲಿ ಅದರ ವಿವರಣೆ

ಕೋಳಿಮರಿಗಳ ಪ್ರಸಂಗದಲ್ಲಿ ಮೊದಲ ಬಾರಿಗೆ ಮಗುವಿನ ಕಿವಿಗೆ ಬೀಳುವ ‘ಇನ್‌ಕ್ಯುಬೇಟರ್’ ಎಂಬ ಪದವು ಮೇಲಿನ ತರಗತಿಗಳಿಗೆ ಹೋದಂತೆ ಬೇರೆ ಬೇರೆ ವೇಷಗಳಲ್ಲಿ ಎದುರಾಗುತ್ತದೆ. ತಿಂಗಳು ತುಂಬದೆ ಹುಟ್ಟಿದ ತಮ್ಮನನ್ನು ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದಾರೆಂಬ ಮಾತು ಮನೆಯಲ್ಲಿ ಕೇಳಿಬರುತ್ತದೆ. ಪ್ರೌಢಶಾಲೆಯ ಜೀವವಿಜ್ಞಾನದಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಉಪಕರಣಕ್ಕೂ ಅದೇ ಹೆಸರು. ಪತ್ರಿಕೆಯನ್ನು ತೆರೆದರೆ ಹೊಸ ಉದ್ಯಮಗಳಿಗೆಂದು ಕಾಲೇಜೊಂದರಲ್ಲಿ ‘ಇನ್‌ಕ್ಯುಬೇಷನ್ ಕೇಂದ್ರ’ ತೆರೆದ ಸುದ್ದಿ ಇರುತ್ತದೆ. ಇಷ್ಟೂ ಕಡೆ ನಿಘಂಟಿನಿಂದ ಆರಿಸಿದ ಒಂದೇ ಕನ್ನಡ ಪದವನ್ನು ಅಂಟಿಸಿದರೆ ಮಗುವಿಗೆ ಪದವೇನೋ ದೊರೆಯುತ್ತದೆ, ಅರ್ಥ ದೊರೆಯುವುದಿಲ್ಲ. ಕೆಲವೆಡೆ ತಪ್ಪು ಅರ್ಥವೇ ದೊರೆಯುತ್ತದೆ. ಆದುದರಿಂದ ಈ ಪದದ ಹಿಂದಿರುವ ಕ್ರಿಯೆ ಯಾವುದು, ಕನ್ನಡದ ‘ಕಾವು’ ಎಂಬ ಮಾತು ಎಲ್ಲಿಯವರೆಗೆ ಅದರ ಜೊತೆಗೆ ಬರಬಲ್ಲದು, ಎಲ್ಲಿ ಅದನ್ನು ಬಿಡಬೇಕು ಎಂಬುದನ್ನು ಶಿಕ್ಷಕರು ಮೊದಲು ತಮ್ಮ ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಉಚಿತ.

ಪದದ ಮೂಲ ಲ್ಯಾಟಿನ್ ಭಾಷೆಯ ‘ಇನ್‌ಕ್ಯುಬಾರೆ’. ‘ಮೇಲೆ ಮಲಗು’ ಎಂಬುದು ಅದರ ನೇರವಾದ ಅರ್ಥ. ಮೊಟ್ಟೆಗಳ ಮೇಲೆ ಮೈಚಾಚಿ ಮಲಗಿದ ಹಕ್ಕಿಯೇ ಈ ಪದದೊಳಗಿನ ಚಿತ್ರ. ಪ್ರಾಚೀನ ಗ್ರೀಸಿನ ಎಪಿಡಾರಸ್‌ನಲ್ಲಿದ್ದ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಗುಡಿಯಲ್ಲಿ ರೋಗಿಗಳು ಸ್ವಪ್ನದ ಮೂಲಕ ಪರಿಹಾರ ದೊರೆಯಲೆಂದು ರಾತ್ರಿ ಮಲಗುತ್ತಿದ್ದ ಪದ್ಧತಿಯನ್ನೂ ವಿದ್ವಾಂಸರು ‘ಇನ್‌ಕ್ಯುಬೇಷನ್’ ಎಂದೇ ಕರೆಯುತ್ತಾರೆ. ಅಲ್ಲಿ ಮೊಟ್ಟೆಯಿಲ್ಲ, ಶಾಖವಿಲ್ಲ, ಮಲಗಿ ಕಾಯುವುದು ಮಾತ್ರ ಇದೆ. ಲ್ಯಾಟಿನ್ ಪದದಲ್ಲಿ ಬಿಸಿ ಎಂಬ ಅಂಶವೇ ಇಲ್ಲವೆಂಬುದನ್ನು ಇಲ್ಲಿಯೇ ಗುರುತಿಸಿಟ್ಟುಕೊಳ್ಳೋಣ. ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ಕನ್ನಡವಾದರೋ ಹೇಂಟೆಯ ಭಂಗಿಯನ್ನು ಬಿಟ್ಟು ಅದು ಕೊಡುವ ಬಿಸಿಯನ್ನು ಹಿಡಿಯಿತು. ಕೋಳಿ ‘ಕಾವಿಗೆ ಕೂರುತ್ತದೆ’, ಮೊಟ್ಟೆಗೆ ‘ಕಾವು ಕೊಡುತ್ತದೆ’. ಗಡಿಯಾಚೆಯ ನಮ್ಮ ಶಾಲೆಗಳ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆಯುವವರಾದ್ದರಿಂದ ಇಲ್ಲಿ ಒಂದು ಸೊಗಸಾದ ಹೋಲಿಕೆಗೆ ಅವಕಾಶವಿದೆ. ಮರಾಠಿಯ ‘ಉಬವಣೆ’ ಎಂಬ ಕ್ರಿಯಾಪದ ‘ಊಬ್’ ಎಂಬ ಹಿತವಾದ ಬೆಚ್ಚನೆಯ ಸಂಬಂಧಿ. ಸೊಲ್ಲಾಪುರ, ಅಕ್ಕಲಕೋಟೆಯ ಮಕ್ಕಳಿಗೆ ಕನ್ನಡದ ಕಾವೂ ಮರಾಠಿಯ ಊಬೂ ಒಂದೇ ದಿಕ್ಕಿನವು ಎಂದು ಸುಲಭವಾಗಿ ತಿಳಿಯುತ್ತದೆ. ತಮಿಳಿನಲ್ಲಿ ‘ಅಡೈಕಾತ್ತಲ್’ ಎನ್ನುತ್ತಾರೆ. ಅಲ್ಲಿನ ‘ಕಾ’ ಎಂಬುದು ಕಾಪಾಡುವ ಕಾ. ಹೊಸೂರು, ತಾಳವಾಡಿಯ ಕೋಳಿ ತಮಿಳಿನಲ್ಲಿ ಕಾವಲು ಕೂರುತ್ತದೆ ಎನ್ನಬಹುದು. ಮಲಯಾಳದ ‘ಅಡಯಿರಿಕ್ಕುಗ’ದಲ್ಲಿ ಕೂರುವ ಕ್ರಿಯೆ ಮುಂದಾಗಿದೆ. ತೆಲುಗಿನ ‘ಪೊದುಗು’ ಎಂಬ ಕ್ರಿಯಾಪದಕ್ಕೆ ಮೊಟ್ಟೆಗೆ ಕಾವು ಕೊಡುವುದೆಂಬ ಅರ್ಥವಿರುವಂತೆಯೇ ಒಡವೆಯಲ್ಲಿ ರತ್ನವನ್ನು ಕೂರಿಸುವುದೆಂಬ ಅರ್ಥವೂ ಇದೆ. ಹೇಂಟೆ ಒಂದೇ, ಅದು ಮಾಡುವ ಕೆಲಸವೂ ಒಂದೇ. ಒಂದು ಭಾಷೆ ಅದರ ಮಲಗುವಿಕೆಯನ್ನು, ಒಂದು ಬಿಸಿಯನ್ನು, ಒಂದು ಕಾವಲನ್ನು, ಒಂದು ಹುದುಗಿಸುವಿಕೆಯನ್ನು ಕಂಡು ಹೆಸರಿಟ್ಟಿತು. ಮಕ್ಕಳಿಂದಲೇ ಈ ಪದಗಳನ್ನು ಹೇಳಿಸಿ ಕಪ್ಪುಹಲಗೆಯ ಮೇಲೆ ಬರೆದರೆ, ಯಾವ ಭಾಷೆಯೂ ಇನ್ನೊಂದರ ಅಡಿಯಾಳಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಕನ್ನಡದ ‘ಕಾಯು’ ಎಂಬ ಕ್ರಿಯಾಪದದ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಒಲೆಯ ಮೇಲೆ ಹಾಲು ಕಾಯುತ್ತದೆ. ಹುಡುಗ ದನ ಕಾಯುತ್ತಾನೆ. ನಾವು ಬಸ್ಸಿಗಾಗಿ ಕಾಯುತ್ತೇವೆ. ಬಿಸಿಯಾಗುವ ‘ಕಾಯು’ವಿನ ಧಾತು ಬೇರೆ, ರಕ್ಷಿಸುವ ಮತ್ತು ನಿರೀಕ್ಷಿಸುವ ‘ಕಾಯು’ವಿನ ಧಾತು ಬೇರೆ ಎಂಬುದು ಭಾಷಾಶಾಸ್ತ್ರದ ನಿರ್ಣಯ. ಆದರೆ ಇಂದಿನ ಕನ್ನಡದ ಕಿವಿಗೆ ಮೂರೂ ಒಂದೇ ರೂಪದಲ್ಲಿ ಬರುತ್ತವೆ, ಮತ್ತು ಕಾವಿಗೆ ಕೂತ ಕೋಳಿ ಈ ಮೂರನ್ನೂ ಏಕಕಾಲದಲ್ಲಿ ಮಾಡುತ್ತಿರುತ್ತದೆ. ವ್ಯುತ್ಪತ್ತಿಯೆಂದು ಇದನ್ನು ಬೋಧಿಸಬಾರದು. ನೆನಪಿನಲ್ಲಿಡುವ ಉಪಾಯವೆಂದು ಧಾರಾಳವಾಗಿ ಬಳಸಬಹುದು. ಕಾಸರಗೋಡಿನ ಶಿಕ್ಷಕರು ಮಾತ್ರ ಒಂದು ಎಚ್ಚರ ವಹಿಸಬೇಕು: ಅಲ್ಲಿನ ಮಗುವಿಗೆ ‘ಕಾವು’ ಎಂದೊಡನೆ ಮಲಯಾಳದ ಕಾವು, ಅಂದರೆ ತೆಯ್ಯಂ ನಡೆಯುವ ದೇವರ ಬನ, ಕಣ್ಣಮುಂದೆ ಬರಬಹುದು. ಕೃಷಿಕರ ಮನೆಯ ಮಗುವಿಗೆ ಕೊಡಲಿಯ ಹಿಡಿಯೂ ಕಾವೇ.

ಪದದಿಂದ ಕ್ರಿಯೆಗೆ ಬರೋಣ. ಕಾವಿಗೆ ಕೂತ ಕೋಳಿಯ ಎದೆಯ ಕೆಳಭಾಗದಲ್ಲಿ ಗರಿಗಳು ಉದುರಿ, ರಕ್ತನಾಳಗಳು ತುಂಬಿದ ಬರಿಯ ಚರ್ಮ ಮೊಟ್ಟೆಗೆ ನೇರವಾಗಿ ತಾಗುತ್ತದೆ. ದಿನಕ್ಕೆ ಅನೇಕ ಬಾರಿ ಅದು ಕೊಕ್ಕಿನಿಂದ ಮೊಟ್ಟೆಗಳನ್ನು ಉರುಳಿಸುತ್ತದೆ. ಉರುಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುವ ಅಪಾಯವಿದೆ. ಯಂತ್ರವೂ ಇದನ್ನೇ ಅನುಕರಿಸುತ್ತದೆ. ಗಾಳಿಯಾಡಿಸುವ ಯಂತ್ರದಲ್ಲಿ ಉಷ್ಣತೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್, ಮೊದಲ 18 ದಿನ ತೇವಾಂಶ ಸುಮಾರು ಶೇ. 50-55, ಅಲ್ಲಿಯವರೆಗೆ ಮೊಟ್ಟೆಗಳನ್ನು ತಿರುಗಿಸುತ್ತಿರಬೇಕು. ಕೊನೆಯ ಮೂರು ದಿನ ತಿರುಗಿಸುವುದನ್ನು ನಿಲ್ಲಿಸಿ ತೇವಾಂಶವನ್ನು ಹೆಚ್ಚಿಸಬೇಕು. 21ನೆಯ ದಿನ ಮರಿ ತಾನೇ ಚಿಪ್ಪನ್ನು ಒಡೆದು ಹೊರಬರುತ್ತದೆ. ಬಾತುಕೋಳಿಗೆ 28 ದಿನ, ಆಸ್ಟ್ರಿಚ್ ಪಕ್ಷಿಗೆ ಸುಮಾರು 42 ದಿನ ಬೇಕು. ಉಷ್ಣತೆಯನ್ನು ಹೆಚ್ಚಿಸಿದರೆ ಮರಿ ಬೇಗ ಬರುವುದಲ್ಲವೇ ಎಂದು ಮಕ್ಕಳು ಕೇಳುವುದುಂಟು. ಬರುವುದಿಲ್ಲ, ಸಾಯುತ್ತದೆ. ಯಂತ್ರ ಮರಿಯನ್ನು ಮಾಡುವುದಿಲ್ಲ. ಮರಿಯಾಗುವ ಶಕ್ತಿ ಮೊಟ್ಟೆಯೊಳಗೇ ಇದೆ, ಅದಕ್ಕೆ ಬೇಕಾದ ಸ್ಥಿತಿಯನ್ನು ಏರುಪೇರಿಲ್ಲದೆ ಉಳಿಸುವುದಷ್ಟೇ ಯಂತ್ರದ ಕೆಲಸ. ಈ ಪದದ ಎಲ್ಲ ಅರ್ಥಗಳಿಗೂ ಇದೇ ಬೀಗದ ಕೈ.

ಈ ವಿದ್ಯೆ ಹೊಸದೂ ಅಲ್ಲ. ಈಜಿಪ್ಟಿನವರು ಗೊಬ್ಬರದ ರಾಶಿಯಲ್ಲಿ ಮೊಟ್ಟೆ ಹುದುಗಿಸಿ ಮರಿ ಮಾಡಿಸುತ್ತಿದ್ದುದನ್ನು ಅರಿಸ್ಟಾಟಲ್ ದಾಖಲಿಸಿದ್ದಾನೆ. ಅಲ್ಲಿ ಮುಂದೆ ಹಸಿ ಇಟ್ಟಿಗೆಯ ದೊಡ್ಡ ಕಾವುಮನೆಗಳು ಬೆಳೆದವು. ಉಷ್ಣಮಾಪಕವಿಲ್ಲದ ಆ ಕೆಲಸಗಾರರು ಮೊಟ್ಟೆಯನ್ನು ತಮ್ಮ ಕಣ್ಣರೆಪ್ಪೆಗೆ ತಾಗಿಸಿ ಬಿಸಿಯನ್ನು ಅಳೆಯುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೇಮರ್ ಈ ಕಲೆಯನ್ನು ಅಭ್ಯಾಸ ಮಾಡಿ 1749ರಲ್ಲಿ ಗ್ರಂಥ ಬರೆದನು. ಪ್ರಕೃತಿಯಲ್ಲಿಯೂ ತಾಯಿಯಿಲ್ಲದ ಕಾವು ಉಂಟು. ನಿಕೋಬಾರಿನ ಮೆಗಪೋಡ್ ಹಕ್ಕಿ ಮಣ್ಣು ಮತ್ತು ಕೊಳೆಯುವ ಎಲೆಗಳ ದಿಬ್ಬದಲ್ಲಿ ಮೊಟ್ಟೆಯಿಟ್ಟು ಕೊಳೆಯುವಿಕೆಯ ಬಿಸಿಗೆ ಅದನ್ನು ಒಪ್ಪಿಸುತ್ತದೆ. ಕಾಸರಗೋಡಿನ ಕಡಲತೀರಕ್ಕೆ ಬರುವ ಆಲಿವ್ ರಿಡ್ಲಿ ಆಮೆಗೆ ಬಿಸಿಲು ಕಾಯಿಸಿದ ಮರಳೇ ಇನ್‌ಕ್ಯುಬೇಟರ್. ಮರಳಿನ ಉಷ್ಣತೆ ಸುಮಾರು 29-30 ಡಿಗ್ರಿಗಿಂತ ಮೇಲಿದ್ದರೆ ಹೆಣ್ಣುಮರಿಗಳೂ ಕೆಳಗಿದ್ದರೆ ಗಂಡುಮರಿಗಳೂ ಹೆಚ್ಚುತ್ತವೆ.

ಇಲ್ಲಿಯವರೆಗೆ ‘ಕಾವು’ ನಮ್ಮನ್ನು ಕೈಬಿಟ್ಟಿಲ್ಲ. ಈಗ ರೇಷ್ಮೆಯ ಮನೆಗೆ ಬನ್ನಿ. ಹೊಸೂರು, ತಾಳವಾಡಿ, ಮಡಕಶಿರಾ ಸೀಮೆಯ ಮಕ್ಕಳಿಗೆ ಇದು ಪರಿಚಿತವಾದ ದೃಶ್ಯ. ರೇಷ್ಮೆ ಮೊಟ್ಟೆಗಳನ್ನು ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ, ಶೇ. 75-80ರ ತೇವಾಂಶದಲ್ಲಿ ಇಡಬೇಕು. ಚಳಿಗಾಲದಲ್ಲಿ ಅದಕ್ಕಾಗಿ ಕೊಠಡಿಯನ್ನು ಬೆಚ್ಚಗೆ ಮಾಡುತ್ತಾರೆ. ಹೊರಗೆ 35 ಡಿಗ್ರಿ ದಾಟುವ ಬೇಸಿಗೆಯಲ್ಲಿ ಒದ್ದೆ ಗೋಣಿತಟ್ಟುಗಳನ್ನು ಇಳಿಬಿಟ್ಟು ತಂಪು ಮಾಡುತ್ತಾರೆ. ಎರಡೂ ಇನ್‌ಕ್ಯುಬೇಷನ್ನೇ. ಮೊಟ್ಟೆಯೊಳಗೆ ಹುಳುವಿನ ತಲೆ ಕಪ್ಪಾಗಿ ಚುಕ್ಕಿಯಂತೆ ಕಾಣುವ ಹಂತದಲ್ಲಿ ಮೊಟ್ಟೆಹಾಳೆಗಳನ್ನು ಕಪ್ಪು ಕಾಗದದಲ್ಲಿ ಮುಚ್ಚಿ ಕತ್ತಲೆಯಲ್ಲಿಟ್ಟು, ಮರಿ ಒಡೆಯುವ ದಿನ ಬೆಳಗ್ಗೆ ಬೆಳಕಿಗೆ ತೆರೆಯುತ್ತಾರೆ. ಹಿಂದು ಮುಂದಾಗಿರುವ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಒಡೆಯುತ್ತವೆ. ಶಾಖದಷ್ಟೇ ಕತ್ತಲೆಯೂ ಇಲ್ಲಿ ಒಂದು ಸಾಧನ. ಈ ಕೆಲಸವನ್ನು ಮನೆಯಲ್ಲಿ ಕಂಡ ಮಗುವೊಂದು ತರಗತಿಯಲ್ಲಿದ್ದರೆ ಪಾಠವನ್ನು ಆ ಮಗುವಿಗೇ ಒಪ್ಪಿಸುವುದು ಮೇಲು.

ಪ್ರಯೋಗಾಲಯದಲ್ಲಿಯೂ ಹೀಗೆಯೇ. ಮನುಷ್ಯನಿಗೆ ರೋಗ ತರುವ ಬ್ಯಾಕ್ಟೀರಿಯಾಗಳನ್ನು ಸಾಮಾನ್ಯವಾಗಿ 37 ಡಿಗ್ರಿಯಲ್ಲಿ ಬೆಳೆಸುತ್ತಾರೆ, ಏಕೆಂದರೆ ಅದು ಮನುಷ್ಯನ ಮೈಯ ಬಿಸಿ. ನೀರು ಎಷ್ಟು ಮಲಿನವಾಗಿದೆಯೆಂದು ಅಳೆಯುವ ಬಿಒಡಿ ಪರೀಕ್ಷೆಯಲ್ಲಿ ನೀರಿನ ಮಾದರಿಯನ್ನು 20 ಡಿಗ್ರಿಯಲ್ಲಿ ಐದು ದಿನ ಇಡುವುದು ರೂಢಿ. ನಮ್ಮ ಹವೆಗೆ ಹೊಂದುವಂತೆ ಭಾರತೀಯ ಮಾನಕವು 27 ಡಿಗ್ರಿಯಲ್ಲಿ ಮೂರು ದಿನ ಎಂದಿದೆ. ಆ ಇನ್‌ಕ್ಯುಬೇಟರಿನಲ್ಲಿ ಶೀತಕಪಾಟಿನಂತೆ ತಂಪುಮಾಡುವ ಯಂತ್ರವೂ ಇರುತ್ತದೆ. ‘ಶಾಖಪೆಟ್ಟಿಗೆ’ ಎಂಬ ಅನುವಾದ ಇಲ್ಲಿ ಅಪಹಾಸ್ಯಕ್ಕೆ ಗುರಿಯಾಗುತ್ತದೆ. ಮುಖ್ಯವಾದುದು ಶಾಖವಲ್ಲ, ಸ್ಥಿರತೆ. ಪ್ರಯೋಗಾಲಯದ ಉಪಕರಣಕ್ಕೆ ‘ಇನ್‌ಕ್ಯುಬೇಟರ್’ ಎಂದೇ ಬರೆದು ವಿವರಿಸುವುದು ಕೃತಕ ಪದವೊಂದನ್ನು ಕಂಠಪಾಠ ಮಾಡಿಸುವುದಕ್ಕಿಂತ ಲೇಸೆಂದು ನನ್ನ ಅಭಿಪ್ರಾಯ.

ಕೋಳಿಯ ಯಂತ್ರ ಆಸ್ಪತ್ರೆಯನ್ನು ಸೇರಿದ ಕಥೆ ಮಕ್ಕಳಿಗೆ ಹೇಳತಕ್ಕದ್ದು. 1880ರ ಸುಮಾರಿಗೆ ಪ್ಯಾರಿಸಿನ ಪ್ರಸೂತಿ ವೈದ್ಯ ಸ್ಟೆಫಾನ್ ಟಾರ್ನಿಯೇ ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಮರಿ ಮಾಡಿಸುವ ಯಂತ್ರವನ್ನು ಕಂಡು, ಅದನ್ನು ಮಾಡಿದ್ದ ಓಡಿಲ್ ಮಾರ್ತಾಂ ಎಂಬವನಿಂದಲೇ ತಿಂಗಳು ತುಂಬದ ಶಿಶುಗಳಿಗೆ ಅಂಥದೊಂದನ್ನು ಮಾಡಿಸಿದನು. ಬಿಸಿನೀರಿನ ತೊಟ್ಟಿಯಿಂದ ಮೇಲೇರುವ ಬೆಚ್ಚನೆಯ ಗಾಳಿಯಲ್ಲಿ ಹಲವು ಶಿಶುಗಳು ಒಟ್ಟಿಗೆ ಮಲಗುವಂಥ ಪೆಟ್ಟಿಗೆ ಅದು. 2000 ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಶೇ. 66ರಷ್ಟಿದ್ದ ಮರಣ ಅದರಿಂದ ಶೇ. 38ಕ್ಕೆ ಇಳಿಯಿತು. ಅಮೆರಿಕದಲ್ಲಿ ಮಾರ್ಟಿನ್ ಕೌನಿ ಎಂಬಾತ ಇಂಥ ಶಿಶುಗಳನ್ನು ಕೋನಿ ಐಲೆಂಡಿನ ವಿಹಾರ ಪ್ರದೇಶದಲ್ಲಿ 1903ರಿಂದ 1943ರವರೆಗೆ ಪ್ರದರ್ಶನಕ್ಕಿಟ್ಟು, ನೋಡಬಂದವರಿಂದ ತಲೆಗೆ 25 ಸೆಂಟು ಪಡೆದು, ಆ ಹಣದಿಂದ ತಾಯ್ತಂದೆಯರಿಗೆ ಖರ್ಚಿಲ್ಲದಂತೆ ಅವುಗಳನ್ನು ಸಾಕಿದನು. ಆತ ನಿಜವಾಗಿ ವೈದ್ಯಪದವಿ ಪಡೆದಿದ್ದನೇ ಎಂಬುದು ಸಂದೇಹಾಸ್ಪದ. ಆತನ ಕೈಯಲ್ಲಿ ಸಾವಿರಾರು ಶಿಶುಗಳು ಬದುಕಿದವೆಂಬುದರಲ್ಲಿ ಸಂದೇಹವಿಲ್ಲ.

37 ವಾರ ತುಂಬುವ ಮೊದಲು ಹುಟ್ಟಿದ ಶಿಶುವಿನ ಚರ್ಮ ತೆಳು, ಅದರಡಿಯ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು. ಅದರ ದೇಹೋಷ್ಣತೆ 36.5 ಮತ್ತು 37.5 ಡಿಗ್ರಿಗಳ ನಡುವೆ ಇರಬೇಕು. ತಾನಾಗಿ ಅದು ಆ ಬಿಸಿಯನ್ನು ಹಿಡಿದಿಡಲಾರದು. ಇನ್‌ಕ್ಯುಬೇಟರ್ ಆ ಭಾರವನ್ನು ಹೊತ್ತುಕೊಂಡರೆ, ಮಗು ಉಂಡದ್ದು ಬಿಸಿಗೆ ಖರ್ಚಾಗದೆ ಬೆಳವಣಿಗೆಗೆ ಒದಗುತ್ತದೆ. ನಮ್ಮ ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಹೆಚ್ಚಾಗಿ ಕಾಣುವುದು ಮುಚ್ಚಿದ ಇನ್‌ಕ್ಯುಬೇಟರ್ ಅಲ್ಲ, ಮೇಲಿನಿಂದ ಬಿಸಿ ಸೂಸುವ ತೆರೆದ ‘ರೇಡಿಯಂಟ್ ವಾರ್ಮರ್’. ಊರಿನ ಮಾತಿನಲ್ಲಿ ಎರಡಕ್ಕೂ ‘ಗಾಜಿನ ಪೆಟ್ಟಿಗೆ’ ಎಂದೇ ಹೆಸರು.

ಈ ‘ಪೆಟ್ಟಿಗೆ’ಯ ವಿಷಯದಲ್ಲಿ ಶಿಕ್ಷಕರು ಮೃದುವಾಗಿರಬೇಕು. ತಮ್ಮನನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಅಮ್ಮ ಇನ್ನೂ ಮನೆಗೆ ಬಂದಿಲ್ಲ ಎಂದು ಹೇಳುವ ಎಂಟು ವರ್ಷದ ಮಗುವಿನ ಮನಸ್ಸಿನಲ್ಲಿ ಪೆಟ್ಟಿಗೆಯೆಂದರೆ ಏನಿದೆಯೋ ನಾವರಿಯೆವು. ಕನ್ನಡದಲ್ಲಿ ಶವವನ್ನಿಡುವುದೂ ಪೆಟ್ಟಿಗೆಯಲ್ಲಿಯೇ. ಅಂಥ ಸಂದರ್ಭದಲ್ಲಿ ‘ಬೆಚ್ಚನೆಯ ತೊಟ್ಟಿಲು’ ಎಂದರೆ ಶಾಸ್ತ್ರಕ್ಕೆ ಲೋಪವಿಲ್ಲ, ಮಗುವಿಗೆ ಸಮಾಧಾನವಿದೆ. ಕೋಳಿಮೊಟ್ಟೆಯ ಉದಾಹರಣೆಯನ್ನು ಆ ದಿನ ಎತ್ತದಿರುವುದೇ ಲೇಸು, ಏಕೆಂದರೆ ಎಲ್ಲ ಮೊಟ್ಟೆಗಳೂ ಮರಿಯಾಗುವುದಿಲ್ಲವೆಂಬುದು ಕೋಳಿ ಸಾಕಿದ ಮನೆಯ ಮಗುವಿಗೆ ಗೊತ್ತಿರುತ್ತದೆ.

ಯಂತ್ರದಿಂದ ತಾಯಿಯ ಮೈಗೆ ಮರಳಿದ ಅಧ್ಯಾಯವೂ ಈ ಕಥೆಗೆ ಸೇರಿದೆ. ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಇನ್‌ಕ್ಯುಬೇಟರುಗಳ ಕೊರತೆಯಿಂದ ಒಂದರಲ್ಲಿಯೇ ಎರಡು ಮೂರು ಶಿಶುಗಳನ್ನು ಇಡಬೇಕಾಗಿ ಬಂದು, ಸೋಂಕು ಹೆಚ್ಚಿದಾಗ, 1978ರಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಶಿಶುವನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಆರಂಭಿಸಿದನು. ಇದೇ ‘ಕಾಂಗರೂ ಆರೈಕೆ’. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1 ಕಿಲೋದಿಂದ 1.8 ಕಿಲೋ ತೂಕದ ಶಿಶುಗಳಿಗೆ ಹುಟ್ಟಿದೊಡನೆ ಈ ಆರೈಕೆಯನ್ನು ಆರಂಭಿಸಿದಾಗ, ಸ್ಥಿತಿ ಸುಧಾರಿಸಿದ ಮೇಲೆ ಆರಂಭಿಸುವ ಹಳೆಯ ಕ್ರಮಕ್ಕಿಂತ ಮರಣ ಶೇ. 25ರಷ್ಟು ಕಡಿಮೆಯಾಯಿತು. ತಾಯಿಗೆ ಆಗದಿದ್ದಾಗ ತಂದೆಯೂ ಅಜ್ಜಿಯೂ ಇದನ್ನು ಮಾಡಬಹುದು. ಇಲ್ಲಿ ನಮ್ಮ ‘ಕಾವು’ ತನ್ನ ಪೂರ್ಣಾರ್ಥದಲ್ಲಿ ಮರಳಿ ಬರುತ್ತದೆ. ‘ತಾಯಿಕಾವು’ ಎಂದು ಯಾರಾದರೂ ಬಳಕೆಗೆ ತಂದರೆ ನಾನಂತೂ ಆಕ್ಷೇಪಿಸಲಾರೆ.

ಉದ್ಯಮದ ಇನ್‌ಕ್ಯುಬೇಟರ್ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ, ಆದರೆ ಅದರ ಹುಟ್ಟು ಸ್ವಾರಸ್ಯವಾಗಿದೆ. ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಎಂಬ ಊರಿನಲ್ಲಿ ಕೃಷಿಯಂತ್ರಗಳ ದೊಡ್ಡ ಕಾರ್ಖಾನೆ ಮುಚ್ಚಿ ಜನ ಕೆಲಸ ಕಳೆದುಕೊಂಡಾಗ, 1959ರಲ್ಲಿ ಜೋಸೆಫ್ ಮಂಕೂಸೊ ಆ ಕಟ್ಟಡವನ್ನು ತುಂಡುತುಂಡಾಗಿ ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಟ್ಟು, ಕಚೇರಿಯ ಸೌಕರ್ಯವನ್ನೂ ಸಲಹೆಯನ್ನೂ ಒದಗಿಸಿದನು. ಮೊದಲ ಬಾಡಿಗೆದಾರರಲ್ಲಿ ಕೋಳಿಮರಿಗಳ ಉದ್ಯಮವೊಂದಿತ್ತು. ನಾವಿಲ್ಲಿ ಮರಿ ಮಾಡಿಸುತ್ತಿದ್ದೇವೆ ಎಂದು ಆತ ಹಾಸ್ಯಕ್ಕೆ ಹೇಳುತ್ತಿದ್ದುದೇ ಈ ಅರ್ಥಕ್ಕೆ ನಾಂದಿಯಾಯಿತು. ನಮ್ಮ ದೇಶದಲ್ಲಿ 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ ಅಡಿಯ ಇನ್‌ಕ್ಯುಬೇಷನ್ ಕೇಂದ್ರಗಳು ಈ ಬಗೆಯವು. ಹಿಂದಿಯಲ್ಲಿ ಇದನ್ನು ‘ಊಷ್ಮಾಯನ’ ಎಂದದ್ದುಂಟು. ಉದ್ಯಮವನ್ನು ಕಾಯಿಸಿದಂತೆ ಕೇಳುತ್ತದೆ. ಕನ್ನಡದಲ್ಲಿ ‘ಪೋಷಣಾ ಕೇಂದ್ರ’ ಎಂದರೆ ಸಾಕು. ಮನಶ್ಶಾಸ್ತ್ರದಲ್ಲಿ ಗ್ರಹಾಂ ವಾಲಸ್ 1926ರಲ್ಲಿ ಸೃಜನಶೀಲ ಚಿಂತನೆಯ ಎರಡನೆಯ ಹಂತಕ್ಕೆ ಇದೇ ಹೆಸರಿಟ್ಟನು. ಬಿಡಿಸಲಾಗದ ಲೆಕ್ಕವನ್ನು ಬಿಟ್ಟು ಮಲಗಿದವನಿಗೆ ಬೆಳಗ್ಗೆ ದಾರಿ ಹೊಳೆಯುವುದಿದೆಯಲ್ಲ, ಅದು.

ಕಡೆಯದಾಗಿ ಉಳಿಯುವುದು ಇನ್‌ಕ್ಯುಬೇಟರ್ ಅಲ್ಲ, ಅದರ ಸೋದರ ಪದವಾದ ‘ಇನ್‌ಕ್ಯುಬೇಷನ್ ಅವಧಿ’. ರೋಗಾಣು ದೇಹವನ್ನು ಹೊಕ್ಕ ದಿನದಿಂದ ಲಕ್ಷಣ ಕಾಣುವ ದಿನದವರೆಗಿನ ಕಾಲವಿದು. ದಡಾರಕ್ಕೆ 10-14 ದಿನ, ಸೀತಾಳೆ ಸಿಡುಬಿಗೆ 10-21 ದಿನ. ಇದನ್ನು ‘ಕಾವಿನ ಅವಧಿ’ ಎಂದು ಅನುವಾದಿಸಿರುವುದನ್ನು ಕಂಡಿದ್ದೇನೆ. ದಯವಿಟ್ಟು ಅದನ್ನು ಬಳಸಬೇಡಿ. ‘ಮೈ ಕಾವೇರಿದೆ’ ಎಂದರೆ ಕನ್ನಡದಲ್ಲಿ ಜ್ವರ ಬಂದಿದೆ ಎಂದರ್ಥ. ಆದರೆ ಈ ಅವಧಿಯ ಲಕ್ಷಣವೇ ಜ್ವರವಿಲ್ಲದಿರುವುದು, ಮಗು ಚೆನ್ನಾಗಿಯೇ ಆಡುತ್ತಿರುವುದು. ಪದ ನೇರವಾಗಿ ವಿರುದ್ಧವಾದುದನ್ನು ಹೇಳುತ್ತದೆ. ಮರಾಠಿಯವರು ‘ಅಧಿಶಯನ ಕಾಳ’ ಎಂದು ಲ್ಯಾಟಿನ್ನಿನ ‘ಮೇಲೆ ಮಲಗುವಿಕೆ’ಯನ್ನೇ ಸಂಸ್ಕೃತಕ್ಕೆ ತಂದರು. ತಮಿಳಿನವರು ‘ನೋಯರುಂಬು ಕಾಲಂ’ ಎಂದರು, ರೋಗ ಮೊಗ್ಗಾಗಿರುವ ಕಾಲ. ನಮಗೆ ‘ರೋಗ ಹುದುಗಿರುವ ಕಾಲ’ ಎಂದರೆ ಮಗುವಿಗೂ ತಿಳಿಯುತ್ತದೆ, ಅಜ್ಜಿಗೂ ತಿಳಿಯುತ್ತದೆ.

ಪದದ ಆಯ್ಕೆ ಇಲ್ಲಿ ಪಂಡಿತರ ಚರ್ಚೆಯಲ್ಲ. ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ವಾರದಷ್ಟು ಕಡಿಮೆ, ಕೆಲವೊಮ್ಮೆ ವರ್ಷದವರೆಗೂ ಹುದುಗಿರುತ್ತದೆ. ವೈರಾಣು ಗಾಯದಿಂದ ನರಗಳ ಹಾದಿಯಲ್ಲಿ ಮಿದುಳಿನತ್ತ ಸಾಗುವ ಕಾಲ ಅದು. ಆ ಕಾಲ ದೀರ್ಘವಾಗಿರುವುದರಿಂದಲೇ ಕಡಿತದ ಅನಂತರ ಕೊಟ್ಟ ಲಸಿಕೆಯೂ ಫಲಿಸುತ್ತದೆ. 1885ರಲ್ಲಿ ಪಾಶ್ಚರ್ ಬಾಲಕನೊಬ್ಬನನ್ನು ಉಳಿಸಿದ್ದು ಈ ಆಧಾರದ ಮೇಲೆಯೇ. ನೀಲಗಿರಿಯ ಶಿಕ್ಷಕರ ಬಳಿಯೇ ಇರುವ ಕೂನೂರಿನ ಪಾಶ್ಚರ್ ಸಂಸ್ಥೆ 1907ರಲ್ಲಿ ಹುಟ್ಟಿದ್ದೂ ಇದಕ್ಕಾಗಿ. ಲಕ್ಷಣಗಳು ಕಂಡ ಮೇಲಾದರೋ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಗಾಯ ಒಣಗಿತು, ಇನ್ನೇನೂ ಇಲ್ಲ ಎಂದು ಭಾವಿಸಿದ ಮಗುವಿನೊಳಗೆ ಆ ಕಾಲ ನಡೆಯುತ್ತಿರಬಹುದು. ಮಕ್ಕಳು ಕಡಿತವನ್ನು ಮುಚ್ಚಿಡುವುದಕ್ಕೆ ಬೈಗುಳದ ಭಯ ಒಂದು ಕಾರಣವಾದರೆ, ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಹಿರಿಯರ ಮಾತು ಇನ್ನೊಂದು. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ, ನಾಲ್ಕೈದು ಭೇಟಿಗಳಲ್ಲಿ ಮುಗಿಯುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪಾಠದ ದಿನವೇ ಮಕ್ಕಳಿಗೆ ಇದನ್ನು ಹೇಳಿ: ನಾಯಿ ಕಡಿದರೆ, ಚರ್ಮ ತರಚಿದ್ದಷ್ಟೇ ಆದರೂ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಅದೇ ದಿನ ಮನೆಯವರಿಗೋ ಶಿಕ್ಷಕರಿಗೋ ತಿಳಿಸಿ ಆಸ್ಪತ್ರೆಗೆ ಹೋಗಬೇಕು. ಬಳಿಕ ಕಳೆದ ತಿಂಗಳಲ್ಲಿ ಯಾರಿಗಾದರೂ ನಾಯಿ ಕಡಿದಿತ್ತೇ ಎಂದು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾಯಿರಿ.